ಮುಂಬಾಗಿಲಿಗೆ ಕಾವಲು, ಹಿತ್ತಿಲ ಬಾಗಿಲು ಬಯಲು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೋ ವೈಟ್‌ಫೀಲ್ಡಿನಲ್ಲೋ ಇರುವ ಯಾವುದಾದರೊಂದು ತಂತ್ರಾಂಶ ಸಂಸ್ಥೆಯ ಬಾಗಿಲಲ್ಲಿ ಸಂಜೆಯ ಹೊತ್ತು ಸ್ವಲ್ಪ ಕಾಲ ನಿಂತರೆ ಒಂದು ನಿತ್ಯವಿಧಿ ಕಣ್ಣಿಗೆ ಬೀಳುತ್ತದೆ. ಮನೆಗೆ ಹೊರಟ ಉದ್ಯೋಗಿಗಳು ಬೆನ್ನಿನ ಚೀಲ ಇಳಿಸುತ್ತಾರೆ, ಲ್ಯಾಪ್‌ಟಾಪ್ ಹೊರತೆಗೆದು ಮಗುಚಿ ಹಿಡಿಯುತ್ತಾರೆ. ಕಾವಲಿನವರು ಅದರ ತಳಕ್ಕೆ ಅಂಟಿಸಿದ ಚೀಟಿಯ ಸಂಖ್ಯೆಯನ್ನು ಗೇಟ್‌ಪಾಸಿನೊಂದಿಗೆ ತಾಳೆ ನೋಡಿ, ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡು, ತಲೆಯಾಡಿಸಿ ಹೊರಬಿಡುತ್ತಾರೆ. ಈ ವಿಧಿ ಈಗ ಹಲವೆಡೆ ಮರೆಯಾಗುತ್ತಿದೆ. ಬಾಗಿಲಿನ ಎರಡೂ ಬದಿಗೆ ಆಂಟೆನಾಗಳು ಬಂದಿವೆ. ಲ್ಯಾಪ್‌ಟಾಪಿನ ಮೈಗೆ ರೇಡಿಯೊ ಟ್ಯಾಗ್ ಬಂದಿದೆ. ಚೀಲ ಇಳಿಸುವ ಅಗತ್ಯವಿಲ್ಲ, ನಿಲ್ಲುವ ಅಗತ್ಯವೂ ಇಲ್ಲ. ಯಾವ ಯಂತ್ರ, ಎಷ್ಟು ಗಂಟೆಗೆ, ಯಾವ ಬಾಗಿಲಿನಿಂದ ಹೊರಹೋಯಿತು ಎಂಬುದು ತಾನೇ ದಾಖಲಾಗುತ್ತದೆ.

ಇದು ಅನುಕೂಲದ ಸಂಗತಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ಟ್ಯಾಗ್ ಕಾಯುತ್ತಿರುವುದು ಏನನ್ನು, ಯಾರನ್ನು, ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಅದನ್ನು ಮಾರುವವರೂ ಕೇಳುತ್ತಿಲ್ಲ, ಕೊಳ್ಳುವವರೂ ಕೇಳುತ್ತಿಲ್ಲ. ಆ ಪ್ರಶ್ನೆ ಕಾರ್ಪೊರೇಟ್ ಕಚೇರಿಗಳ ಆಂತರಿಕ ವಿಷಯವೆಂದು ಉಳಿದವರು ಸುಮ್ಮನಿರುವಂತೆಯೂ ಇಲ್ಲ. ನಮ್ಮ ಬ್ಯಾಂಕಿನ ಖಾತೆ, ಆಸ್ಪತ್ರೆಯ ಕಡತ, ವಿಮೆಯ ವಿವರ ಎಲ್ಲವೂ ಇಂತಹ ಯಂತ್ರಗಳೊಳಗೇ ಇವೆ.

ಈ ತಂತ್ರಜ್ಞಾನ ಓದುಗರಿಗೆ ಅಪರಿಚಿತವಲ್ಲ. ಕಾರಿನ ಮುಂಗಾಜಿಗೆ ಅಂಟಿಸಿಕೊಂಡಿರುವ ಫಾಸ್ಟ್ಯಾಗ್ ಇದೇ ಜಾತಿಯದು. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಅದು ಕಡ್ಡಾಯವಾಯಿತು. ಇಂತಹ ಟ್ಯಾಗಿನಲ್ಲಿ ಬ್ಯಾಟರಿ ಇರುವುದಿಲ್ಲ. ಒಂದು ಕಿರು ಚಿಪ್ಪು, ಅದಕ್ಕೆ ಬೆಸೆದ ತೆಳು ಆಂಟೆನಾ, ಇಷ್ಟೇ. ರೀಡರ್ ಎಂಬ ಉಪಕರಣ ಸೂಸುವ ರೇಡಿಯೊ ಅಲೆಯಿಂದಲೇ ಚಿಪ್ಪು ತನಗೆ ಬೇಕಾದ ಅಲ್ಪ ಶಕ್ತಿಯನ್ನು ಪಡೆದುಕೊಂಡು, ಆ ಅಲೆಯನ್ನೇ ತುಸು ಬದಲಿಸಿ ಪ್ರತಿಫಲಿಸುತ್ತದೆ. ಹಾಗೆ ಮರಳುವ ಅಲೆಯಲ್ಲಿ ಒಂದು ಸಂಖ್ಯೆ ಅಡಗಿರುತ್ತದೆ. ಕೆಲವು ಮೀಟರ್ ದೂರದಿಂದ, ಕ್ಷಣಾರ್ಧದಲ್ಲಿ, ಹತ್ತಾರು ಟ್ಯಾಗ್‌ಗಳನ್ನು ಒಟ್ಟಿಗೆ ಓದಬಹುದು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಾಂತರವನ್ನು ಈ ಬಳಕೆಗೆ ಪರವಾನಗಿಯಿಂದ ಮುಕ್ತಗೊಳಿಸಿದ್ದು 2005ರಲ್ಲಿ. ಅಮೆರಿಕದ ವಾಲ್‌ಮಾರ್ಟ್ ಮಳಿಗೆ ಸಮೂಹ ತನ್ನ 100 ದೊಡ್ಡ ಪೂರೈಕೆದಾರರು ಸರಕಿಗೆ ಟ್ಯಾಗ್ ಹಚ್ಚಬೇಕೆಂದು ನಿಗದಿಪಡಿಸಿದ ಗಡುವೂ ಅದೇ ವರ್ಷದ ಜನವರಿಯದು. ಸರಕಿನ ಪೆಟ್ಟಿಗೆಗಳಿಗೆಂದು ಬೆಳೆದ ವ್ಯವಸ್ಥೆ ಕ್ರಮೇಣ ಗ್ರಂಥಾಲಯದ ಪುಸ್ತಕಗಳಿಗೂ ಕಚೇರಿಯ ಗಣಕಗಳಿಗೂ ಹಬ್ಬಿತು.

ಗಣಕಗಳ ಲೆಕ್ಕ ಇಡುವ ಕಷ್ಟ ಏನೆಂಬುದು ಅದನ್ನು ಇಟ್ಟವರಿಗೇ ಗೊತ್ತು. ಸುಮಾರು ಎರಡು ದಶಕಗಳ ಹಿಂದೆ ನಾನಿದ್ದ ಸಂಸ್ಥೆಯೊಂದರಲ್ಲಿ ಮಾರ್ಚ್ ತಿಂಗಳು ಬಂತೆಂದರೆ ನಮ್ಮ ವಿಭಾಗದವರಿಗೆ ಮೊಣಕಾಲೂರುವ ಕಾಲ ಬಂತೆಂದೇ ಅರ್ಥ. ಮೇಜುಗಳ ಕೆಳಗೆ ತೂರಿ, ದೂಳು ಒರೆಸಿ, ಅರ್ಧ ಹರಿದ ಬಾರ್‌ಕೋಡ್ ಚೀಟಿಗಳನ್ನು ಒಂದೊಂದಾಗಿ ಓದಬೇಕಿತ್ತು. ಮೂರು ವಾರಗಳ ಶ್ರಮದ ಕೊನೆಗೆ ಪಟ್ಟಿಯಲ್ಲಿದ್ದ ಕೆಲವು ಯಂತ್ರಗಳು ಕಟ್ಟಡದಲ್ಲಿ ಸಿಗುತ್ತಿರಲಿಲ್ಲ. ಕಟ್ಟಡದಲ್ಲಿದ್ದ ಕೆಲವು ಪಟ್ಟಿಯಲ್ಲಿರುತ್ತಿರಲಿಲ್ಲ. ಎರಡನ್ನೂ ಹೇಗೋ ಹೊಂದಿಸಿ ಸಹಿ ಹಾಕುತ್ತಿದ್ದೆವು. ಆಗಿನ ಲೆಕ್ಕಕ್ಕೆ ಇನ್ನೊಂದು ಭಯವೂ ಇತ್ತು. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯಡಿ ಸುಂಕವಿಲ್ಲದೆ ಆಮದಾದ ಯಂತ್ರಗಳು ಸೀಮಾ ಸುಂಕ ಇಲಾಖೆಯ ಬಾಂಡಿಗೆ ಒಳಪಟ್ಟಿದ್ದವು. ಒಂದು ಹೊರಹೋದರೂ ಇಲಾಖೆಗೆ ಉತ್ತರ ಹೇಳಬೇಕಿತ್ತು. ಬೆಂಗಳೂರಿನ ಕಚೇರಿಗಳ ಗೇಟ್‌ಪಾಸ್ ಸಂಸ್ಕೃತಿಯ ಬೇರು ಒಂದಿಷ್ಟು ಅಲ್ಲಿಯೂ ಇದೆ.

ಇಂದಿಗೂ ಕಂಪನಿಗಳ ಲೆಕ್ಕಪರಿಶೋಧಕರು, ಆಸ್ತಿಗಳ ಭೌತಿಕ ಪರಿಶೀಲನೆ ಸಮಂಜಸ ಅವಧಿಗೊಮ್ಮೆ ನಡೆದಿದೆಯೇ ಎಂಬುದನ್ನು ತಮ್ಮ ವರದಿಯಲ್ಲಿ ಹೇಳಲೇಬೇಕು. ಹೀಗಿರುವಾಗ ಕೈಯಲ್ಲಿ ರೀಡರ್ ಹಿಡಿದು ಕೋಣೆಯಲ್ಲಿ ಒಂದು ಸುತ್ತು ನಡೆದರೆ ಎಣಿಕೆ ಮುಗಿಯುತ್ತದೆ ಎಂದರೆ ಯಾರು ಬೇಡವೆಂದಾರು? ಮೊಣಕಾಲೂರಿದ ಅನುಭವವಿರುವ ನಾನಂತೂ ಟ್ಯಾಗಿನ ವಿರೋಧಿಯಲ್ಲ. ನನ್ನ ಆಕ್ಷೇಪ ಅದರ ಮೇಲೆ ಹೊರಿಸುತ್ತಿರುವ ಅತಿಯಾದ ನಂಬಿಕೆಯ ಬಗೆಗೆ, ಅದನ್ನು ನಿಲ್ಲಿಸುತ್ತಿರುವ ಜಾಗದ ಬಗೆಗೆ.

ಮೊದಲನೆಯ ಮಾತು ನಂಬಿಕೆಯದು. ಟ್ಯಾಗ್ ಹೇಳುವುದು ಟ್ಯಾಗ್ ಎಲ್ಲಿದೆ ಎಂಬುದನ್ನು ಮಾತ್ರ. ಗಣಕ ಅದರ ಹಿಂದೆ ಇದೆ ಎಂಬುದು ನಮ್ಮ ಊಹೆ. ಲೋಹ ಈ ಅಲೆಗಳ ವೈರಿ. ಸಾಮಾನ್ಯ ಟ್ಯಾಗನ್ನು ಲೋಹದ ಮೈಗೆ ಅಂಟಿಸಿದರೆ ಅದು ಮೂಕವಾಗುತ್ತದೆ. ಲ್ಯಾಪ್‌ಟಾಪುಗಳ ಹೊರಕವಚವೂ ಸರ್ವರ್ ಇಡುವ ಕಪಾಟುಗಳೂ ಹೆಚ್ಚಾಗಿ ಲೋಹದವೇ. ಇದಕ್ಕಾಗಿ ನಡುವೆ ಪದರವಿರುವ ವಿಶೇಷ ಟ್ಯಾಗ್‌ಗಳಿವೆ, ಅವು ಹಲವು ಪಟ್ಟು ದುಬಾರಿ. ಅವನ್ನೂ ಒಂದು ಚೂಪಾದ ಅಲಗಿನಿಂದ ಎಬ್ಬಿಸಿ ಮೇಜಿನ ಕೆಳಗೆ ಅಂಟಿಸಿದರೆ ಯಂತ್ರ ಹೋದ ಮೇಲೂ ಎಣಿಕೆ ಸರಿಯಾಗಿಯೇ ಬರುತ್ತದೆ.

ಚೀಟಿಯನ್ನೇ ವಸ್ತುವೆಂದು ಭ್ರಮಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅಣ್ವಸ್ತ್ರ ಸಂಶೋಧನೆಯ ಆ ಕೇಂದ್ರದಲ್ಲಿ 2004ರ ಜುಲೈನಲ್ಲಿ, ರಹಸ್ಯ ಮಾಹಿತಿಯಿದ್ದ ಎರಡು ಗಣಕ ಡಿಸ್ಕುಗಳು ಕಾಣೆಯಾಗಿವೆ ಎಂದು ದಾಸ್ತಾನು ಪರಿಶೀಲನೆಯಲ್ಲಿ ಗೊತ್ತಾಯಿತು. ನಿರ್ದೇಶಕರು ಪ್ರಯೋಗಾಲಯದ ಕೆಲಸವನ್ನೇ ನಿಲ್ಲಿಸಿದರು. ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. 2005ರ ಜನವರಿಯಲ್ಲಿ ಇಂಧನ ಇಲಾಖೆ ಪ್ರಕಟಿಸಿದ ತೀರ್ಮಾನವೇನು? ಆ ಡಿಸ್ಕುಗಳು ಎಂದೂ ಇರಲೇ ಇಲ್ಲ. ಬಾರ್‌ಕೋಡ್ ಸಂಖ್ಯೆಗಳು ದಾಸ್ತಾನು ಪಟ್ಟಿಗೆ ಸೇರಿದ್ದವು. ಡಿಸ್ಕುಗಳು ಮಾತ್ರ ಸಿದ್ಧವಾಗಿಯೇ ಇರಲಿಲ್ಲ. ಜಗತ್ತಿನ ಅತ್ಯಂತ ಬಿಗಿ ಕಾವಲಿನ ಸಂಸ್ಥೆಗಳಲ್ಲೊಂದು ಇಲ್ಲದ ವಸ್ತುವಿಗಾಗಿ ತನ್ನನ್ನೇ ತಾನು ಮುಚ್ಚಿಕೊಂಡಿತ್ತು. ಬಾರ್‌ಕೋಡಿನ ಜಾಗದಲ್ಲಿ ರೇಡಿಯೊ ಟ್ಯಾಗ್ ಇದ್ದಿದ್ದರೂ ತಪ್ಪು ಅದೇ ಆಗಿರುತ್ತಿತ್ತು, ಏಕೆಂದರೆ ತಪ್ಪಾಗಿದ್ದುದು ಓದುವ ವಿಧಾನದಲ್ಲಲ್ಲ, ಬರೆದವರ ಶಿಸ್ತಿನಲ್ಲಿ.

ಎರಡನೆಯ ಮಾತು ಮುಂಬಾಗಿಲಿನದು. ಸರ್ವರ್ ತನ್ನ ಕಪಾಟಿನಲ್ಲೇ ಕುಳಿತಿರುತ್ತದೆ. ಅದರ ಮೇಲಿನ ಟ್ಯಾಗ್ ಸರ್ವರನ್ನಷ್ಟೇ ಕಾಯುತ್ತದೆ. ಲ್ಯಾಪ್‌ಟಾಪ್ ಹಾಗಲ್ಲ. ಅದು ಒಬ್ಬರ ಹೆಸರಿನಲ್ಲಿದೆ, ಅವರ ಬೆನ್ನ ಮೇಲೆ ಅವರೊಂದಿಗೇ ನಡೆದಾಡುತ್ತದೆ. ಅದು ಬಾಗಿಲು ದಾಟಿದ ಹೊತ್ತು ಎಂದರೆ ಅವರು ದಾಟಿದ ಹೊತ್ತು. ಮಹಡಿ ಮಹಡಿಗೂ ಆಂಟೆನಾ ಇಟ್ಟರೆ ಅವರು ಯಾವ ಸಭೆಗೆ ತಡವಾಗಿ ಹೋದರು, ಕ್ಯಾಂಟೀನಿನಲ್ಲಿ ಎಷ್ಟು ಹೊತ್ತು ಕುಳಿತರು, ಯಾರ ಮೇಜಿನ ಬಳಿ ಹೆಚ್ಚು ನಿಂತರು ಎಂಬುದರ ದಿನಚರಿಯನ್ನೇ ಬರೆಯಬಹುದು. ಗುರುತಿನ ಚೀಟಿಯನ್ನು ಬಾಗಿಲಿಗೆ ತೋರಿಸುವಾಗ ನಾವು ತೋರಿಸುತ್ತಿದ್ದೇವೆ ಎಂಬ ಅರಿವಾದರೂ ಇರುತ್ತದೆ. ಚೀಲದೊಳಗಿನ ಟ್ಯಾಗ್ ಮಾತನಾಡುವಾಗ ಅದನ್ನು ಹೊತ್ತವರಿಗೆ ಸುಳಿವೂ ಸಿಗದು. ಜೊತೆಗೆ, ಸಾಮಾನ್ಯ ಟ್ಯಾಗ್ ತನ್ನ ಕಚೇರಿಯ ರೀಡರಿಗಷ್ಟೇ ಉತ್ತರಿಸುವುದಿಲ್ಲ. ಅದೇ ಮಾನದಂಡದ ಯಾವ ರೀಡರ್ ಕೇಳಿದರೂ ತನ್ನ ಸಂಖ್ಯೆ ಹೇಳುತ್ತದೆ.

ಈ ತಂತ್ರದ ಪೂರ್ವಜರಲ್ಲಿ ಒಂದು ಗೂಢಚಾರಿಕೆಯ ಸಾಧನವಿತ್ತು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. 1945ರಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಷ್ಟ್ರಮುದ್ರೆಯನ್ನು ಉಡುಗೊರೆಯಾಗಿ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯನ್ನು ಅಲಂಕರಿಸಿತು. ಅದರೊಳಗೆ ಲಿಯೊ ಥೆರೆಮಿನ್ ರೂಪಿಸಿದ್ದ ಕದ್ದಾಲಿಸುವ ಸಾಧನವಿತ್ತು. ಅದಕ್ಕೆ ಬ್ಯಾಟರಿ ಇರಲಿಲ್ಲ, ತಂತಿ ಇರಲಿಲ್ಲ. ಹೊರಗಿನಿಂದ ರೇಡಿಯೊ ಅಲೆ ಹಾಯಿಸಿದಾಗ ಮಾತ್ರ ಜೀವ ತಳೆಯುತ್ತಿತ್ತು. 1952ರವರೆಗೆ ಅದು ಯಾರಿಗೂ ಸಿಕ್ಕಿಬೀಳಲಿಲ್ಲ. ಲ್ಯಾಪ್‌ಟಾಪಿನ ಟ್ಯಾಗ್ ಮಾತು ಕದಿಯುವುದಿಲ್ಲ, ನಿಜ. ಆದರೆ ಕೇಳಿದಾಗ ಮಾತ್ರ ಉತ್ತರಿಸಿ, ಉಳಿದ ಹೊತ್ತು ಮರದ ತುಂಡಿನಂತೆ ಸುಮ್ಮನಿರುವ ಗುಣ ಎರಡಕ್ಕೂ ಸಮಾನ.

ಕಾನೂನು ಏನನ್ನುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟಿನಲ್ಲಿ ಸರ್ವಾನುಮತದಿಂದ ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಾವು ಹೆಮ್ಮೆಪಡುವ ವಿಷಯ. ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅಧಿಸೂಚಿತವಾದ ನಿಯಮಗಳು ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಿವೆ. ಆದರೆ ಕಾಯ್ದೆಯ ಏಳನೆಯ ಕಲಮನ್ನು ಉದ್ಯೋಗಸ್ಥರು ಒಮ್ಮೆ ಓದಿಕೊಳ್ಳಬೇಕು. ಉದ್ಯೋಗದ ಉದ್ದೇಶಕ್ಕಾಗಿ, ಇಲ್ಲವೇ ಉದ್ಯೋಗದಾತರನ್ನು ನಷ್ಟ ಮತ್ತು ಹೊಣೆಗಾರಿಕೆಗಳಿಂದ ಕಾಪಾಡುವುದಕ್ಕಾಗಿ, ಉದ್ಯೋಗಿಯ ದತ್ತಾಂಶವನ್ನು ಅವರ ಸಮ್ಮತಿಯಿಲ್ಲದೆಯೇ ಬಳಸಬಹುದು ಎನ್ನುತ್ತದೆ ಅದು. ಲ್ಯಾಪ್‌ಟಾಪ್ ಕಳವು ತಡೆಯಲೆಂದು ಹಾಕಿದ ಟ್ಯಾಗ್ ಈ ಆಶ್ರಯಕ್ಕೆ ಸಲೀಸಾಗಿ ಬಂದು ಸೇರುತ್ತದೆ. ಅದರಿಂದ ಹುಟ್ಟಿದ ಓಡಾಟದ ದಾಖಲೆ ನಾಳೆ ವಾರ್ಷಿಕ ಮೌಲ್ಯಮಾಪನದ ಕೋಣೆಯಲ್ಲಿ ತೆರೆದುಕೊಂಡರೆ ತಡೆಯುವವರಾರು?

ಇದಕ್ಕೆ ಭದ್ರತಾ ಅಧಿಕಾರಿಗಳ ಉತ್ತರ ಸಿದ್ಧವಾಗಿದೆ: ಗ್ರಾಹಕರ ಮಾಹಿತಿ ನಮ್ಮ ಕೈಯಲ್ಲಿದೆ, ಒಂದು ಯಂತ್ರ ಕಳೆದರೂ ನಂಬಿಕೆ ಕಳೆಯುತ್ತದೆ, ಆದ್ದರಿಂದ ಕಾವಲು ಅನಿವಾರ್ಯ. ಈ ವಾದದಲ್ಲಿ ಹುರುಳಿದೆ. ಹುರುಳಿರುವುದರಿಂದಲೇ ಕೇಳಬೇಕಾಗಿದೆ: ಮಾಹಿತಿ ನಿಜಕ್ಕೂ ಸೋರುವುದು ಯಾವ ಬಾಗಿಲಿನಿಂದ?

ಅಮೆರಿಕದ ಮಾರ್ಗನ್ ಸ್ಟಾನ್ಲಿ ಪ್ರಕರಣ ಇದಕ್ಕೆ ಉತ್ತರ ಹೇಳುತ್ತದೆ. ಆ ಹಣಕಾಸು ಸಂಸ್ಥೆ 2016ರಲ್ಲಿ ತನ್ನ ಎರಡು ದತ್ತಾಂಶ ಕೇಂದ್ರಗಳನ್ನು ಮುಚ್ಚಿದಾಗ, ಹಳೆಯ ಸಾಧನಗಳನ್ನು ಸಾಗಿಸಿ ವಿಲೇವಾರಿ ಮಾಡುವ ಕೆಲಸವನ್ನು, ಮಾಹಿತಿ ಅಳಿಸುವುದರಲ್ಲಿ ಏನೂ ಅನುಭವವಿಲ್ಲದ ಸಾಗಣೆ ಕಂಪನಿಯೊಂದಕ್ಕೆ ವಹಿಸಿತು. ಸಾಧನಗಳು ಕೈಯಿಂದ ಕೈಗೆ ದಾಟಿ ಅಂತರಜಾಲದ ಹರಾಜಿನಲ್ಲಿ ಮಾರಾಟವಾದವು, ಕೆಲವು ಒಳಗಿನ ಗ್ರಾಹಕರ ಮಾಹಿತಿಯ ಸಮೇತ. ಸಂಸ್ಥೆಗೆ ವಿಷಯ ತಿಳಿದದ್ದು ತನ್ನ ಕಾವಲಿನಿಂದಲ್ಲ. ಅವುಗಳಲ್ಲಿ ಕೆಲವನ್ನು ಕೊಂಡ ಒಕ್ಲಹೋಮದ ಗಣಕ ಸಲಹೆಗಾರರೊಬ್ಬರು 2017ರಲ್ಲಿ ತಾವಾಗಿಯೇ ಇಮೇಲ್ ಬರೆದು ತಿಳಿಸಿದರು. ಮುಂದೆ ಶಾಖಾ ಕಚೇರಿಗಳ ಸಾಧನಗಳನ್ನು ಬದಲಿಸಿದಾಗ 42 ಸರ್ವರ್‌ಗಳ ಪತ್ತೆಯೇ ಇರಲಿಲ್ಲ. ಬ್ಯಾಂಕಿಂಗ್ ನಿಯಂತ್ರಕರು 2020ರಲ್ಲಿ 6 ಕೋಟಿ ಡಾಲರ್, ಷೇರುಪೇಟೆ ನಿಯಂತ್ರಕರು 2022ರಲ್ಲಿ 3.5 ಕೋಟಿ ಡಾಲರ್ ದಂಡ ವಿಧಿಸಿದರು. ಅಪಾಯಕ್ಕೊಳಗಾದದ್ದು ಸುಮಾರು ಒಂದೂವರೆ ಕೋಟಿ ಗ್ರಾಹಕರ ವಿವರ.

ಇಲ್ಲಿ ಕಳ್ಳರು ಯಾರೂ ಇಲ್ಲ. ಯಾವ ನೌಕರನೂ ಚೀಲದಲ್ಲಿ ಏನನ್ನೂ ಬಚ್ಚಿಟ್ಟು ಒಯ್ಯಲಿಲ್ಲ. ಯಂತ್ರಗಳು ಹೊರಹೋದದ್ದು ಸರಿಯಾದ ಕಾಗದಪತ್ರಗಳೊಂದಿಗೆ, ಲಾರಿಯಲ್ಲಿ, ಹಗಲು ಹೊತ್ತಿನಲ್ಲೇ ಎಂದುಕೊಳ್ಳಬಹುದು. ಬಾಗಿಲಲ್ಲಿ ಎಷ್ಟು ಆಂಟೆನಾ ಇದ್ದರೇನು, ಹೊರಗೆ ಕಳಿಸುವವರೇ ಕೂಗು ನಿಲ್ಲಿಸಿ ಕಳಿಸಿದ ಮೇಲೆ?

ಹಳೆಯ ಡಿಸ್ಕುಗಳು ಏನನ್ನು ಹೊತ್ತಿರುತ್ತವೆಂಬುದು ಹೊಸದಾಗಿ ಗೊತ್ತಾದ ಸಂಗತಿಯೂ ಅಲ್ಲ. ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿದ ಫಲಿತಾಂಶ 2003ರಲ್ಲೇ ಪ್ರಕಟವಾಗಿದೆ. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈಯಕ್ತಿಕ ಪತ್ರಗಳು, ವೈದ್ಯಕೀಯ ವಿವರಗಳು ಸಿಕ್ಕಿದವು. ಕಡತವನ್ನು ಅಳಿಸಿದರೆ ಗಣಕ ಅದರ ವಿಳಾಸವನ್ನಷ್ಟೇ ಮರೆಯುತ್ತದೆ. ಮೇಲೆ ಬೇರೇನಾದರೂ ಬರೆಯುವವರೆಗೆ ಒಳಗಿನ ಬರಹ ಹಾಗೆಯೇ ಉಳಿದಿರಬಹುದು ಎಂಬ ಸರಳ ಸತ್ಯ ಈಗಲೂ ಹಲವು ವ್ಯವಸ್ಥಾಪಕರಿಗೆ ತಿಳಿದಿಲ್ಲ.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ? ಕಂಪನಿಗಳು ಮೂರು-ನಾಲ್ಕು ವರ್ಷಗಳಿಗೊಮ್ಮೆ ಲ್ಯಾಪ್‌ಟಾಪ್ ಬದಲಿಸುವುದು ವಾಡಿಕೆ. ಹಳೆಯವು ಒಟ್ಟಾಗಿ ಹೊರಬೀಳುತ್ತವೆ. ಎಸ್.ಪಿ. ರಸ್ತೆಯಂತಹ ಕಡೆ ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವ ವಿದ್ಯಾರ್ಥಿಗಳಿಗೆ ಇದು ವರವೇ. ಯಂತ್ರದ ಆಯುಷ್ಯ ಹೆಚ್ಚುವುದು ಪರಿಸರಕ್ಕೂ ಒಳ್ಳೆಯದು. ಕೆಟ್ಟವು ಗುಜರಿಗೆ ಸೇರುತ್ತವೆ. ವೈಜ್ಞಾನಿಕ ವಿಲೇವಾರಿಗೆ ನಮ್ಮ ರಾಜ್ಯ ಮೊದಲೇ ಹೆಜ್ಜೆ ಇಟ್ಟಿತ್ತು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲೊಂದಾದ ಇ-ಪರಿಸರ 2005ರಲ್ಲಿ ದಾಬಸ್‌ಪೇಟೆಯಲ್ಲಿ ಆರಂಭವಾಯಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ವರ್ಷದಲ್ಲಿ ಸಾವಿರ ಅಥವಾ ಅದಕ್ಕಿಂತ ಹೆಚ್ಚು ಸಾಧನ ಬಳಸುವ ಬೃಹತ್ ಬಳಕೆದಾರರು ತಮ್ಮ ತ್ಯಾಜ್ಯವನ್ನು ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕು.

ಆದರೆ ಇಲ್ಲೊಂದು ವಿಚಿತ್ರವಿದೆ. ಮರುಸಂಸ್ಕರಣೆಯ ಗುರಿ ಮತ್ತು ಪ್ರಮಾಣಪತ್ರಗಳೆಲ್ಲ ತೂಕದ ಲೆಕ್ಕದಲ್ಲಿರುತ್ತವೆ. ಕಚೇರಿಯಲ್ಲಿ ಇರುವಷ್ಟು ದಿನ ಪ್ರತಿ ಯಂತ್ರಕ್ಕೂ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಸಂಖ್ಯೆ. ಹೊರಬಿದ್ದ ದಿನ ಅದು ಕಿಲೋಗ್ರಾಂ. ಮುಂಬಾಗಿಲಲ್ಲಿ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತೇವೆ, ಹಿತ್ತಿಲಲ್ಲಿ ರಾಶಿ ಹಾಕಿ ತೂಗುತ್ತೇವೆ. ತೂಕ ಸರಿಹೋಗುತ್ತದೆ. ಆದರೆ ಅಂಗೈಯಗಲದ ಒಂದು ಡಿಸ್ಕ್ ರಾಶಿಯಿಂದ ಜಾರಿದರೆ ತಕ್ಕಡಿಗೆ ಅದು ತಿಳಿಯುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಬಾಗಿಲು ಎಂಬುದಕ್ಕೇ ಈಗ ಮೊದಲಿನ ಅರ್ಥ ಉಳಿದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಇದೇ ಬೆಂಗಳೂರಿನಲ್ಲಿ, ಗೇಟ್‌ಪಾಸಿಲ್ಲದೆ ಮೌಸ್ ಕೂಡ ಹೊರಹೋಗದಿದ್ದ ಕಚೇರಿಗಳಿಂದ ಡೆಸ್ಕ್‌ಟಾಪುಗಳು ಕ್ಯಾಬ್‌ಗಳಲ್ಲಿ ಕುಳಿತು ಮನೆ ಸೇರಿದವು. ಅಂದಿನಿಂದ ಕಚೇರಿಯ ಗಡಿ ಊರೂರಿನ ಮಲಗುವ ಕೋಣೆಗಳವರೆಗೆ ಚಾಚಿಕೊಂಡಿದೆ. ಮನೆಯಲ್ಲಿ ಕಳೆದ ಯಂತ್ರವನ್ನು ಕಚೇರಿಯ ಬಾಗಿಲಿನ ಆಂಟೆನಾ ಹುಡುಕಿಕೊಡದು. 2006ರ ಮೇ ತಿಂಗಳಲ್ಲಿ ಅಮೆರಿಕದ ನಿವೃತ್ತ ಯೋಧರ ಇಲಾಖೆಯ ನೌಕರರೊಬ್ಬರ ಮನೆಯಲ್ಲಿ ಕಳವಾದ ಲ್ಯಾಪ್‌ಟಾಪ್ ಮತ್ತು ಡಿಸ್ಕಿನಲ್ಲಿ ಸುಮಾರು 2.65 ಕೋಟಿ ಜನರ ವಿವರವಿತ್ತು. ಅದೃಷ್ಟಕ್ಕೆ ಮುಂದಿನ ತಿಂಗಳೇ ಅವು ಸಿಕ್ಕಿದವು. ಅಲ್ಲಿ ಕೆಲಸಕ್ಕೆ ಬರಬಹುದಾಗಿದ್ದುದು ಬಾಗಿಲಿನ ಟ್ಯಾಗ್ ಅಲ್ಲ. ಕದ್ದವರಿಗೆ ಓದಲಾಗದಂತೆ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಎಚ್ಚರ.

ಹಾಗಾದರೆ ಮಾಡಬೇಕಾದದ್ದೇನು? ಟ್ಯಾಗನ್ನು ಕಿತ್ತೆಸೆಯುವುದಲ್ಲ, ಅದರ ದೃಷ್ಟಿಯನ್ನು ತಿರುಗಿಸುವುದು. ಮೊದಲನೆಯದಾಗಿ, ಸಂಖ್ಯೆ ಯಂತ್ರದೊಂದಿಗೆ ಅದರ ಕೊನೆಯವರೆಗೂ ಹೋಗಬೇಕು. ಟ್ಯಾಗ್ ಯಂತ್ರದ ಹೊರಮೈಗೆ ಮಾತ್ರವಲ್ಲ, ಮಾಹಿತಿ ಹೊತ್ತ ಡಿಸ್ಕಿಗೂ ಲೆಕ್ಕವಿರಬೇಕು. ಅಳಿಸಿದ ಅಥವಾ ಪುಡಿಮಾಡಿದ ಪ್ರಮಾಣಪತ್ರದಲ್ಲಿ ಕಿಲೋಗ್ರಾಂ ಬದಲು ಒಂದೊಂದು ಡಿಸ್ಕಿನ ಸಂಖ್ಯೆ ಬರಬೇಕು. ಅದನ್ನು ಕಂಪನಿಯ ಪಟ್ಟಿಯೊಂದಿಗೆ ತಾಳೆ ನೋಡುವ ಹೊಣೆ ಲೆಕ್ಕಪರಿಶೋಧಕರದಾಗಬೇಕು. 2023ರ ಕಾಯ್ದೆ ಮಾಹಿತಿಯ ರಕ್ಷಣೆಯಲ್ಲಿ ವಿಫಲರಾದವರಿಗೆ 250 ಕೋಟಿ ರೂಪಾಯಿವರೆಗೆ ದಂಡದ ಎಚ್ಚರಿಕೆ ನೀಡಿದೆ. ಆ ದಂಡದ ಮುಂದೆ ಈ ತಾಳೆಯ ಖರ್ಚು ಏನೇನೂ ಅಲ್ಲ.

ಎರಡನೆಯದಾಗಿ, ಯಂತ್ರದ ಲೆಕ್ಕ ಮತ್ತು ಮನುಷ್ಯರ ಲೆಕ್ಕ ಬೇರೆಬೇರೆಯಾಗಿರಬೇಕು. ಟ್ಯಾಗ್ ಇದೆಯೆಂದು, ಎಲ್ಲೆಲ್ಲಿ ಅದನ್ನು ಓದಲಾಗುತ್ತದೆಂದು, ದಾಖಲೆ ಎಷ್ಟು ದಿನ ಉಳಿಯುತ್ತದೆಂದು ಉದ್ಯೋಗಿಗೆ ಲಿಖಿತವಾಗಿ ತಿಳಿಸಬೇಕು. ಆಂಟೆನಾ ಹೊರಬಾಗಿಲಿಗೆ ಸೀಮಿತವಾಗಿರಲಿ. ಕ್ಯಾಂಟೀನಿಗೂ ವಿಶ್ರಾಂತಿ ಕೋಣೆಗೂ ಅದು ಬೇಕಿಲ್ಲ. ಆ ದಾಖಲೆಯನ್ನು ಹಾಜರಾತಿಗಾಗಲಿ ಮೌಲ್ಯಮಾಪನಕ್ಕಾಗಲಿ ಬಳಸುವುದಿಲ್ಲ ಎಂಬ ಮಾತು ನೇಮಕಾತಿ ಪತ್ರದಲ್ಲೇ ಇರಲಿ. ಕಾಯ್ದೆಯ ಏಳನೆಯ ಕಲಮಿನ ಸಡಿಲು ಭಾಷೆಗೆ ಸರ್ಕಾರ ಸ್ಪಷ್ಟ ಎಲ್ಲೆ ಹಾಕುವವರೆಗೆ ನೌಕರ ಸಂಘಟನೆಗಳು ಈ ಬೇಡಿಕೆಯನ್ನಾದರೂ ಮುಂದಿಡಬೇಕು.

ಮೂರನೆಯದಾಗಿ, ಯಂತ್ರ ಕಂಪನಿಯ ಕೈಬಿಟ್ಟ ದಿನ ಟ್ಯಾಗ್ ಸಾಯಬೇಕು. ಇಂದಿನ ಟ್ಯಾಗ್‌ಗಳಿಗೆ ಗುಪ್ತ ಸಂಖ್ಯೆಯೊಂದನ್ನು ಕಳಿಸಿ ಶಾಶ್ವತವಾಗಿ ಮೌನವಾಗಿಸುವ ಸೌಲಭ್ಯ ಮಾನದಂಡದಲ್ಲೇ ಇದೆ. ಹಳೆಯ ಲ್ಯಾಪ್‌ಟಾಪ್ ಕೊಂಡ ವಿದ್ಯಾರ್ಥಿನಿ ಯಾವುದೋ ಕಂಪನಿಯ ಸಂಖ್ಯೆಯನ್ನು ಬೆನ್ನ ಮೇಲೆ ಹೊತ್ತು ತಿರುಗಬೇಕಾಗಿಲ್ಲ.

ಇವು ಯಾವುವೂ ದೊಡ್ಡ ತಂತ್ರಜ್ಞಾನವನ್ನು ಬೇಡುವ ಕೆಲಸಗಳಲ್ಲ. ಬೇಡುವುದು ಬೇಸರಪಡದೆ ಪಟ್ಟಿ ಬರೆಯುವ ಶಿಸ್ತನ್ನು, ಅದಕ್ಕೆ ಒಬ್ಬರು ಹೊಣೆ ಹೊರುವ ಪರಿಪಾಠವನ್ನು. ಅದು ಮಾರಾಟಕ್ಕೆ ಸಿಗುವುದಿಲ್ಲವಾದ್ದರಿಂದಲೇ ಅದರ ಬದಲಿಗೆ ಆಂಟೆನಾಗಳನ್ನು ಕೊಳ್ಳುತ್ತೇವೆ.

ಸಂಜೆ ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದ ಕಾವಲಿನವರನ್ನು ಒಂದು ಮಾತು ಕೇಳಬಹುದಿತ್ತು. ತಿಂಗಳ ಕೊನೆಯ ಶನಿವಾರ ಹಿಂಬದಿಯಿಂದ ಹೋಗುವ ಲಾರಿಯಲ್ಲಿ ಏನಿದೆ, ನೋಡಿದ್ದೀರಾ? ಅದಕ್ಕೆ ಮೇಲಿನವರ ಪತ್ರವಿದೆ ಸಾರ್, ತೆರೆದು ನೋಡುವ ಹಾಗಿಲ್ಲ ಎನ್ನುತ್ತಿದ್ದರು. ಆಂಟೆನಾಗಳನ್ನು ಕೇಳಿದರೂ ಇಂದು ಅದೇ ಉತ್ತರ ಬರುತ್ತದೆ. ಆ ಪತ್ರಕ್ಕೆ ಸಹಿ ಹಾಕುವವರು, ಸಹಿಗೆ ಮೊದಲು ಒಮ್ಮೆ ಲಾರಿಯವರೆಗೆ ನಡೆದು ಹೋಗಿ ಎಣಿಸಿ ಬರಲಿ.